ಮುಂದೆ ಸ್ವಂತ ಉದ್ಯಮ ಬೇಕೆನ್ನುವ ಎಂಜಿನಿಯರ್ ಮೊದಲ ಕೆಲಸ ಎಲ್ಲಿ ಹಿಡಿಯಬೇಕು?

ಕಳೆದ ಆಷಾಢದಲ್ಲಿ ಅಕ್ಕನ ಮಗ ತಿಪಟೂರಿನಿಂದ ಬಂದವನೇ ಊಟದ ಮೇಜಿನ ಮೇಲೆ ಎರಡು ಕಾಗದ ಇಟ್ಟ. ಒಂದು ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಯ ನೇಮಕಾತಿ ಪತ್ರ: ಹದಿನಾಲ್ಕು ಪುಟ, ವರ್ಷಕ್ಕೆ 3.5 ಲಕ್ಷ ರೂಪಾಯಿ. ಇನ್ನೊಂದು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಹದಿನೆಂಟು ಜನರ ಕಾರ್ಖಾನೆಯ ಲೆಟರ್‌ಹೆಡ್. ಅದರಲ್ಲಿ ನಾಲ್ಕೇ ಸಾಲು. ತಿಂಗಳಿಗೆ 22 ಸಾವಿರ, ಭಾನುವಾರ ರಜೆ. “ಮಾವ, ಆರೇಳು ವರ್ಷದಲ್ಲಿ ನನ್ನದೇ ಒಂದು ಉದ್ಯಮ ಶುರು ಮಾಡಬೇಕು ಎಂದುಕೊಂಡಿದ್ದೇನೆ. ಯಾವುದಕ್ಕೆ ಸೇರಲಿ?” ಎಂದ. ಅಕ್ಕ ಅಡುಗೆಮನೆಯಿಂದಲೇ “ಇದರಲ್ಲಿ ಕೇಳುವುದೇನಿದೆ?” ಎಂದಳು. ಅವಳ ದೃಷ್ಟಿಯಲ್ಲಿ ಎರಡನೆಯ ಕಾಗದ ಮೇಜಿನ ಮೇಲೆ ಬಂದದ್ದೇ ತಪ್ಪು.

ಕೇಳುವುದು ಸಾಕಷ್ಟಿದೆ. ನಾನು ಮೆಕ್ಯಾನಿಕಲ್ ಓದಿ ಎರಡು ವರ್ಷ ಅಂಥದ್ದೇ ಸಾಫ್ಟ್‌ವೇರ್ ಕಂಪನಿಯಲ್ಲಿ, ನಾಲ್ಕು ವರ್ಷ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ದುಡಿದವನು. ಈಗ ಅಲ್ಲೇ ಬಾಡಿಗೆ ಶೆಡ್ ಹಿಡಿದು ಪಂಪ್ ತಯಾರಕರಿಗೆ ಹಿತ್ತಾಳೆಯ ಬುಷ್ (ತಿರುಗುವ ದಂಡಕ್ಕೆ ಆಸರೆಯಾಗುವ ಟೊಳ್ಳು ಬಳೆ) ಮಾಡಿಕೊಡುತ್ತೇನೆ. ನನ್ನ ತಕ್ಕಡಿ ಎತ್ತ ವಾಲಿದೆ ಎಂದು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಅನುಕೂಲ.

ನೌಕರಿಯಲ್ಲೇ ಮುಂದುವರಿಯುವವರು ಸಂಬಳ, ಬಡ್ತಿ, ಕಂಪನಿಯ ಹೆಸರು ನೋಡಿ ಆರಿಸಿಕೊಂಡರೆ ಯಾವ ತಪ್ಪೂ ಇಲ್ಲ. ಸ್ವಂತದ್ದು ಮಾಡಬೇಕೆನ್ನುವವರ ಅಳತೆಗೋಲು ಬೇರೆ. ನೀವು ಕುಳಿತ ಜಾಗದಿಂದ ಗಿರಾಕಿ ಕಾಣುತ್ತಾನೆಯೇ? ಅವನು ಯಾಕೆ ಕೊಳ್ಳುತ್ತಾನೆ, ಎಷ್ಟು ಕೊಡುತ್ತಾನೆ, ಯಾವಾಗ ಕೊಡುತ್ತಾನೆ ಎಂಬುದು ನಿಮ್ಮ ಕಿವಿಗೆ ಬೀಳುತ್ತದೆಯೇ? ವಸ್ತು ಮಾಡುವುದನ್ನು ಕಾಲೇಜು ನಾಲ್ಕು ವರ್ಷ ಕಲಿಸುತ್ತದೆ. ಅದನ್ನು ಮಾರಿ ದುಡ್ಡು ಕೈಗೆ ಬರುವವರೆಗಿನ ದಾರಿ ಯಾವ ಸೆಮಿಸ್ಟರಿನಲ್ಲೂ ಬರುವುದಿಲ್ಲ. ಮೊದಲ ಕೆಲಸವೆಂದರೆ ಆ ದಾರಿಯನ್ನು ಬೇರೆಯವರ ಖರ್ಚಿನಲ್ಲಿ ನಡೆದು ನೋಡುವ ಅವಕಾಶ.

ದೊಡ್ಡ ಸೇವಾ ಕಂಪನಿ

ಇದನ್ನು ಹಗುರವಾಗಿ ತಳ್ಳಿಹಾಕುವವರು ಇನ್ಫೊಸಿಸ್ ಕಥೆಯನ್ನು ಅರ್ಧ ಮಾತ್ರ ಕೇಳಿರುತ್ತಾರೆ. ಸುಧಾ ಮೂರ್ತಿ ಅವರು ಕೊಟ್ಟ 10 ಸಾವಿರ ರೂಪಾಯಿ ಎಲ್ಲರ ಬಾಯಲ್ಲೂ ಇದೆ. ಅದಕ್ಕೂ ಮೊದಲು ನಾರಾಯಣ ಮೂರ್ತಿ ಅವರು ಸಾಫ್ಟ್ರಾನಿಕ್ಸ್ ಎಂಬ ಸ್ವಂತ ಸಂಸ್ಥೆ ಕಟ್ಟಿ, ಅದು ನಡೆಯದೆ, ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ನೌಕರಿಗೆ ಸೇರಿದ್ದರು. 1981ರಲ್ಲಿ ಅವರ ಜೊತೆ ಹೊರಟ ಆರು ಮಂದಿಯೂ ಅಲ್ಲಿನ ಸಹೋದ್ಯೋಗಿಗಳೇ. ವಿದೇಶದ ಗಿರಾಕಿಗೆ ತಂತ್ರಾಂಶ ಬರೆದುಕೊಡುವುದು ಹೇಗೆ, ಗಡುವು ಕುತ್ತಿಗೆಗೆ ಬಂದಾಗ ಯಾರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದೆಲ್ಲ ಸಂಬಳದ ದಿನಗಳಲ್ಲೇ ತಿಳಿದಿತ್ತು. ದೊಡ್ಡ ಕಂಪನಿ ಕೊಡಬಲ್ಲ ದೊಡ್ಡ ವರ ಇದೇ. ನಾಳೆಯ ಪಾಲುದಾರರು ಇಂದಿನ ಕ್ಯಾಂಟೀನಿನಲ್ಲಿ ಸಿಗುತ್ತಾರೆ.

ಆದರೆ ಅಂದಿನ ಪಟ್ನಿಗೂ ಇಂದಿನ ಲಕ್ಷಗಟ್ಟಲೆ ಜನರ ಕಂಪನಿಗಳಿಗೂ ಹೋಲಿಕೆ ಇಲ್ಲ. ನನ್ನ ಎರಡು ವರ್ಷ ಹೇಗೆ ಕಳೆಯಿತೆಂದರೆ, ಅಮೆರಿಕದ ಗಿರಾಕಿ ನನಗೆ ಇಮೇಲಿನ ಕೊನೆಯಲ್ಲಿ ಕಾಣುವ ಒಂದು ಹೆಸರು ಮಾತ್ರ. ನನ್ನ ಒಂದು ಗಂಟೆಯ ಕೆಲಸಕ್ಕೆ ಅವನಿಂದ ಎಷ್ಟು ವಸೂಲಾಗುತ್ತಿತ್ತು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದಾಗ ಮ್ಯಾನೇಜರ್ ನಕ್ಕು ಮಾತು ಬದಲಿಸಿದರು. ಸಂಬಳವಾದರೂ ಉಳಿಯುತ್ತದೆಯೇ ಎಂದರೆ, ಹೊಸಬರ ಸಂಬಳ ಹತ್ತು ಹದಿನೈದು ವರ್ಷಗಳಿಂದ ಆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ತಿರುಗುತ್ತಿದೆ. ಕಡಿತ ಹೋಗಿ ಕೈಗೆ ಬರುವುದು 25 ಸಾವಿರ ಚಿಲ್ಲರೆ. ಪಿಜಿ, ಊಟ, ಬಸ್ಸು, ಊರಿಗೆ ಕಳಿಸುವುದು ಎಲ್ಲ ಕಳೆದು ನೋಡಿ.

ಸೇರುವುದೇ ಆದರೆ ಒಂದು ಮಾತು. ಮೊದಲ ವರ್ಷ ಮುಗಿಯುತ್ತಲೇ, ಹೊಸ ಗುತ್ತಿಗೆಗೆ ಪ್ರಸ್ತಾವ ಬರೆಯುವ ತಂಡಕ್ಕೋ ಗಿರಾಕಿಯ ಎದುರು ಕೂರುವ ಕೆಲಸಕ್ಕೋ ಹಟ ಹಿಡಿದು ಹೋಗಿ. ಅಲ್ಲಿ ಬೆಲೆ ಕಟ್ಟುವುದು ಕಾಣುತ್ತದೆ. ಅದು ಸಿಗದಿದ್ದರೆ ಮೂರನೆಯ ವರ್ಷ ಉಳಿಯಲು ಉದ್ಯಮಿಯ ಕಡೆಯಿಂದ ನೋಡಿದರೆ ಕಾರಣವಿಲ್ಲ.

ಬಹುರಾಷ್ಟ್ರೀಯ ಕಂಪನಿಯ ಇಲ್ಲಿನ ಕೇಂದ್ರ

1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಆರಂಭಿಸಿದ ಪರಂಪರೆ ಇದು. ಸಂಬಳ ಒಳ್ಳೆಯದು, ಕೆಲಸ ಆಳವಾದದ್ದು, ಕಿಟಕಿ ಮಾತ್ರ ಕಿರಿದು. ಒಂದು ಚಿಪ್‌ನ ಒಂದು ಮೂಲೆಯನ್ನು ಐದು ವರ್ಷ ಉಜ್ಜಬಹುದು, ಅದನ್ನು ಕೊಳ್ಳುವವನ ಮುಖ ನೋಡುವುದಿಲ್ಲ. ಅಂಥ ಜಾಗದಿಂದಲೂ ಉದ್ಯಮ ಹುಟ್ಟಿದೆ. ಬಸ್ ಟಿಕೆಟ್ ಮಾರುವ ಜಾಲತಾಣ ರೆಡ್‌ಬಸ್ ಕಟ್ಟಿದ ಫಣೀಂದ್ರ ಸಾಮಾ ಅದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಎಂಜಿನಿಯರ್ ಆಗಿದ್ದವರು. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಬಸ್ ಟಿಕೆಟ್ ಸಿಗಲಿಲ್ಲ. ಮರುವರ್ಷ ಕಾಲೇಜಿನ ಗೆಳೆಯರೊಂದಿಗೆ ಸೇರಿ ಕಂಪನಿ ಶುರುವಾಯಿತು. ಚಿಪ್ ವಿನ್ಯಾಸದ ವಿದ್ಯೆ ಬಸ್ ಸೀಟು ಮಾರಲು ಎಷ್ಟು ಬಳಕೆಗೆ ಬಂದೀತು? ಗಿರಾಕಿ ಯಾರೆಂಬುದನ್ನು ಅವರು ಕಂಡುಕೊಂಡದ್ದು ಕಚೇರಿಯ ಹೊರಗೆ. ಕಚೇರಿ ಕೊಟ್ಟದ್ದು ಸ್ವಲ್ಪ ಉಳಿತಾಯವನ್ನು, ಬಿದ್ದರೆ ಮತ್ತೆ ಕೆಲಸ ಸಿಗುತ್ತದೆ ಎಂಬ ಧೈರ್ಯವನ್ನು. ಆ ಧೈರ್ಯವನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ.

ಹಾಗಾಗಿ ಇಲ್ಲಿ ಸೇರುವವರಿಗೆ ಲೆಕ್ಕ ಸರಳ. ಇದು ದುಡ್ಡು ಕೂಡಿಡುವ ಜಾಗ. ಸಂಬಳ ಏರಿದ ಹಾಗೆ ಫ್ಲ್ಯಾಟು, ಕಾರು, ಕಂತು ಏರಿಸಿಕೊಂಡವರು ನನಗೆ ಗೊತ್ತಿರುವ ಮಟ್ಟಿಗೆ ಯಾರೂ ಹೊರಗೆ ಬಂದಿಲ್ಲ. ಅವರ ಮನೆಗೆ ಹೋದಾಗಲೆಲ್ಲ ಬಾಲ್ಕನಿಯಲ್ಲಿ ನಿಂತು ಸ್ಟಾರ್ಟ್‌ಅಪ್ ವಿಚಾರವನ್ನೇ ಮಾತನಾಡುತ್ತಾರೆ.

ಚಿಕ್ಕ ಸ್ಟಾರ್ಟ್‌ಅಪ್

ಹದಿನೈದು ಇಪ್ಪತ್ತು ಜನರ ಹೊಸ ಕಂಪನಿಯಲ್ಲಿ ಆರು ತಿಂಗಳಲ್ಲಿ ಕಾಣುವಷ್ಟು ಲೋಕ ದೊಡ್ಡ ಕಡೆ ಆರು ವರ್ಷದಲ್ಲಿ ಕಾಣುವುದಿಲ್ಲ ಎನ್ನುತ್ತಾರೆ. ನಿಜ, ಒಂದು ಷರತ್ತಿನ ಮೇಲೆ. ಅಲ್ಲಿ ಗಿರಾಕಿಯ ದುಡ್ಡು ಓಡಾಡುತ್ತಿರಬೇಕು. ಹೂಡಿಕೆದಾರರ ದುಡ್ಡಿನ ಮೇಲಷ್ಟೇ ನಿಂತ ಕಂಪನಿಯಲ್ಲಿ ನೀವು ಕಲಿಯುವುದು ಖರ್ಚು ಮಾಡುವುದನ್ನು. ಸಂದರ್ಶನದಲ್ಲಿ ನೇರವಾಗಿ ಕೇಳಿ: ಈಗಿರುವ ಹಣ ಎಷ್ಟು ತಿಂಗಳಿಗೆ ಬರುತ್ತದೆ, ಗಿರಾಕಿಗಳಿಂದ ತಿಂಗಳಿಗೆ ಎಷ್ಟು ಬರುತ್ತಿದೆ, ನಾನು ವಾರಕ್ಕೊಮ್ಮೆಯಾದರೂ ಗಿರಾಕಿಯೊಂದಿಗೆ ಮಾತನಾಡಬಹುದೇ? ಸಿಟ್ಟಾದರೆ ಉತ್ತರ ಸಿಕ್ಕಿದ ಹಾಗೆ.

ಸಂಬಳ ಕಡಿಮೆ, ಷೇರು ಕೊಡುತ್ತೇವೆ ಎಂದರೆ ಕಾಗದ ಪೂರ್ತಿ ಓದಿ. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಹಂತಹಂತವಾಗಿ ಕೈಸೇರುವ ಏರ್ಪಾಡು ಅದು. ಒಂದು ವರ್ಷ ತುಂಬುವ ಮೊದಲೇ ಬಿಟ್ಟರೆ ಸೊನ್ನೆ. ಕೈಸೇರಿದ್ದನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳುವ ದಿನ, ಮಾರುಕಟ್ಟೆ ಮೌಲ್ಯಕ್ಕೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸ ಸಂಬಳದ ಆದಾಯವೆಂದು ಎಣಿಕೆಯಾಗುತ್ತದೆ. ಮಾರಲು ಬಾರದ ಷೇರಿಗೆ ತೆರಿಗೆ ಕಟ್ಟುವ ಪ್ರಸಂಗ ಹೀಗೆ ಬರುತ್ತದೆ. ಹಾಗಾಗಿ ಅದನ್ನು ಲಾಟರಿ ಚೀಟಿಯೆಂದು ಭಾವಿಸಿ, ಸಂಬಳವೊಂದನ್ನೇ ನೋಡಿ ತೀರ್ಮಾನಿಸುವುದು ಕ್ಷೇಮ.

ಪೀಣ್ಯದಂಥ ಕಡೆ, ಮಾಲೀಕನ ಮಗ್ಗುಲಲ್ಲಿ

ಅಕ್ಕನ ಮಗನ ಎರಡನೆಯ ಕಾಗದ ಇದು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಾಗಲಿ ಮೈಸೂರಿನ ಹೂಟಗಳ್ಳಿಯ ಶೆಡ್ಡಿಗಾಗಲಿ ಇದೇ ಮಾತು ಸಲ್ಲುತ್ತದೆ.

ಮೆಷಿನ್ ಶಾಪ್‌ಗೆ ಸೇರಿ ಮೂರನೆಯ ತಿಂಗಳು ಮಾಲೀಕರು ಒಂದು ಡ್ರಾಯಿಂಗ್ ಕೊಟ್ಟು ಕೊಟೇಷನ್ ತಯಾರಿಸಲು ಹೇಳಿದರು. ಹಿತ್ತಾಳೆಯ ಬುಷ್, 500 ನಗ. ನಾನು ಸರಳಿನ ತೂಕ ತೆಗೆದೆ, ಕಿಲೋ ದರದಿಂದ ಗುಣಿಸಿದೆ, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಗಂಟೆಯ ಖರ್ಚು, ಟೂಲ್ ಸವೆತ, ಲಾಭ ಎಲ್ಲ ಸೇರಿಸಿ ನೀಟಾಗಿ ಬರೆದೆ. ಅವರು ಕನ್ನಡಕ ಹಣೆಗೇರಿಸಿ ಹಾಳೆ ನೋಡಿ ಕೇಳಿದ್ದು ಒಂದೇ: “ಚೂರಿನ ದುಡ್ಡು ಎಲ್ಲಿ ಹೋಯಿತು?” ಹಿತ್ತಾಳೆಯ ಬುಷ್ ತಿರುಗಿಸಿದರೆ ಸರಳಿನ ತೂಕದಲ್ಲಿ ದೊಡ್ಡ ಪಾಲು ಲೇತಿನ ಕೆಳಗೆ ಚೂರಾಗಿ ಬೀಳುತ್ತದೆ. ಕಬ್ಬಿಣದ ಚೂರಿಗೆ ಬೆಲೆ ಅಷ್ಟಕ್ಕಷ್ಟೆ. ಹಿತ್ತಾಳೆಯ ಚೂರನ್ನು ಮಾತ್ರ ವ್ಯಾಪಾರಿ ಒಳ್ಳೆಯ ದರಕ್ಕೆ ವಾಪಸ್ ಕೊಳ್ಳುತ್ತಾನೆ. ಆ ದುಡ್ಡನ್ನು ಲೆಕ್ಕದಲ್ಲಿ ಕಳೆಯದಿದ್ದರೆ ನಮ್ಮ ದರ ಪಕ್ಕದ ಶೆಡ್ಡಿನವನಿಗಿಂತ ಮೇಲೆ ನಿಲ್ಲುತ್ತದೆ, ಆರ್ಡರ್ ಅಲ್ಲಿಗೆ ಹೋಗುತ್ತದೆ. ಸಂಜೆ ಆಯಿಲ್ ಸೋರುವ ಆ ಚೂರುಗಳನ್ನು ಗೋಣಿಗೆ ತುಂಬಿ ತೂಗುವಾಗ ಮಾಲೀಕರು ಖುದ್ದಾಗಿ ಯಾಕೆ ನಿಲ್ಲುತ್ತಿದ್ದರೆಂದು ಅಂದು ತಿಳಿಯಿತು. ನಾನು ಅಲ್ಲಿಯವರೆಗೆ ಅದನ್ನು ಜಿಪುಣತನವೆಂದು ತಿಳಿದಿದ್ದೆ.

ಆಮೇಲೆ ಅವರು ಹಾಳೆ ಹಿಂತಿರುಗಿಸುತ್ತಾ ಕೇಳಿದ ಎರಡನೆಯ ಪ್ರಶ್ನೆ: “ದುಡ್ಡು ಯಾವತ್ತು ಬರುತ್ತದೆ?”

ಈ ಪ್ರಶ್ನೆಯನ್ನು ಅಂಕಿಯಲ್ಲೇ ತೋರಿಸುತ್ತೇನೆ. ಒಂದು ಬುಷ್‌ಗೆ 180 ರೂಪಾಯಿ ಎಂದಿಟ್ಟುಕೊಳ್ಳಿ. 500 ನಗಕ್ಕೆ 90 ಸಾವಿರ. 18 ಶೇಕಡಾ ಜಿಎಸ್‌ಟಿ 16,200. ಒಟ್ಟು ಬಿಲ್ಲು 1,06,200. ಸರಳಿಗೆ 40 ಸಾವಿರ ಮತ್ತು ಅದರ ಮೇಲಿನ ಜಿಎಸ್‌ಟಿ 7,200 ನೀವು ಮೊದಲೇ ಕೊಟ್ಟಿದ್ದೀರಿ. ವ್ಯತ್ಯಾಸದ 9 ಸಾವಿರವನ್ನು, ತಿಂಗಳ ರಿಟರ್ನ್ ಸಲ್ಲಿಸುವವರಾದರೆ, ಮುಂದಿನ ತಿಂಗಳ 20ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಗಿರಾಕಿ ನಿಮಗೆ ಕೊಟ್ಟಿದ್ದಾನೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಗಿರಾಕಿ ಕೊಡುವುದು 90 ದಿನಕ್ಕೆ. ಪ್ರತಿ ತಿಂಗಳೂ ಇಂಥ ಒಂದೇ ಆರ್ಡರ್ ಇದ್ದರೂ ಮೂರು ಬಿಲ್ಲು, ಅಂದರೆ 3,18,600 ರೂಪಾಯಿ, ಸದಾ ಹೊರಗಿರುತ್ತದೆ. ಬಾಡಿಗೆ, ಕೂಲಿ, ಬೆಸ್ಕಾಂ ಬಿಲ್ಲು ಯಾವುದೂ 90 ದಿನ ಕಾಯುವುದಿಲ್ಲ. ಲಾಭದಲ್ಲಿದ್ದೂ ಬಾಗಿಲು ಹಾಕಿದ ಶೆಡ್ಡುಗಳನ್ನು ನಾನು ಕಂಡಿದ್ದೇನೆ.

ಕಾನೂನು ನಿಮ್ಮ ಕಡೆಗಿದೆ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ‘ಉದ್ಯಮ್’ ಎಂಬ ಸರ್ಕಾರಿ ನೋಂದಣಿ ಇರುವ ಸಣ್ಣ ತಯಾರಕರಿಗೆ ದುಡ್ಡು ಕೊಡಲು, ಲಿಖಿತ ಒಪ್ಪಂದವಿದ್ದರೂ, ಗಿರಾಕಿ 45 ದಿನ ಮೀರುವಂತಿಲ್ಲ. ತಡವಾದರೆ ಬಡ್ಡಿ ಕೇಳಬಹುದು, ಸರ್ಕಾರದ ಜಾಲತಾಣದಲ್ಲಿ ದೂರು ಕೊಡಬಹುದು. ಆದಾಯ ತೆರಿಗೆಯಲ್ಲೂ, ಆ ಗಡುವು ಮೀರಿದ ಬಾಕಿಯನ್ನು ಕೊಳ್ಳುವವರು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು ಎಂಬ ನಿಯಮ ಬಂದಿದೆ. ನಾನು ಒಮ್ಮೆ ದೊಡ್ಡ ಗಿರಾಕಿಯೊಬ್ಬರಿಗೆ ಈ ಕಾಯ್ದೆಯ ಕಲಂ ನಮೂದಿಸಿ ಪತ್ರ ಬರೆದೆ. ದುಡ್ಡು ಒಂಬತ್ತೇ ದಿನದಲ್ಲಿ ಬಂತು. ಮುಂದಿನ ಆರ್ಡರ್ ಬರಲಿಲ್ಲ. ಯಾವ ಪತ್ರ ಯಾರಿಗೆ ಬರೆಯಬಾರದು ಎಂಬುದನ್ನೂ ಮಾಲೀಕನ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಇಷ್ಟು ಹೊಗಳಿದ ಮೇಲೆ ಹುಳುಕನ್ನೂ ಹೇಳಬೇಕು. ಸಂಬಳ ಕಡಿಮೆ, ಕೆಲವು ಕಡೆ ಹತ್ತನೆಯ ತಾರೀಖು ದಾಟುತ್ತದೆ. ಎಲ್ಲ ಮಾಲೀಕರೂ ಕೊಟೇಷನ್ ಕಡತ ಮುಟ್ಟಗೊಡುವುದಿಲ್ಲ. ಎಂಜಿನಿಯರನ್ನು ಮೇಸ್ತ್ರಿಯ ಹಾಗೆ ದುಡಿಸಿಕೊಂಡು, ಲೆಕ್ಕದ ಕೋಣೆಗೆ ಬೀಗ ಹಾಕುವವರೂ ಇದ್ದಾರೆ. ಅಂಥ ಕಡೆ ಒಂದು ವರ್ಷವೂ ವ್ಯರ್ಥ. ಇನ್ನೊಂದು ಅಪಾಯ ಸೂಕ್ಷ್ಮವಾದದ್ದು. ಜಾಬ್ ವರ್ಕ್ ಮಾಡುವ ಕಡೆ ಕಲಿತವನಿಗೆ ಬೇರೆಯವರ ಡ್ರಾಯಿಂಗ್ ನೋಡಿ ಮಾಡುವುದೇ ಉದ್ಯಮವೆನಿಸಿಬಿಡುತ್ತದೆ, ಸ್ವಂತ ಉತ್ಪನ್ನದ ಯೋಚನೆಯೇ ಬರುವುದಿಲ್ಲ. ನನ್ನ ಮೇಲೂ ಈ ಆರೋಪವಿದೆ, ಒಪ್ಪಿಕೊಳ್ಳುತ್ತೇನೆ. ಮದುವೆ ಮಾತುಕತೆಯಲ್ಲಿ ಪೀಣ್ಯದ ಹೆಸರು ಹೇಳಿದರೆ ಎದುರಿನವರ ಮುಖ ಹೇಗಾಗುತ್ತದೆ ಎಂಬುದನ್ನು ಅಕ್ಕ ನನಗಿಂತ ಚೆನ್ನಾಗಿ ವಿವರಿಸಬಲ್ಲಳು.

ಕಾಲೇಜಿನಿಂದ ನೇರವಾಗಿ

ವಿದ್ಯುತ್ ಸ್ಕೂಟರ್ ಮಾಡುವ ಏಥರ್ ಎನರ್ಜಿಯ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ ಮದ್ರಾಸ್ ಐಐಟಿಯಿಂದ ಹೊರಬಂದು, ಅಲ್ಪಕಾಲ ನೌಕರಿ ಮಾಡಿ, 2013ರಲ್ಲಿ ಕಂಪನಿ ಶುರು ಮಾಡಿದರು. ಅವರ ಮೊದಲ ಸ್ಕೂಟರ್ ಬೆಂಗಳೂರಿನ ರಸ್ತೆಗೆ ಬಂದದ್ದು 2018ರಲ್ಲಿ. ನಡುವಿನ ಐದು ವರ್ಷ ಬಂಡವಾಳ ಹೂಡಿದವರ ಹಣ, ಅದರಲ್ಲೂ ಆರಂಭದ ದಿನಗಳಲ್ಲಿ ಫ್ಲಿಪ್‌ಕಾರ್ಟ್ ಸ್ಥಾಪಕರ ಹಣ, ಅವರನ್ನು ನಡೆಸಿತು. ಆ ಐದು ವರ್ಷ ನಿಮ್ಮನ್ನು ಯಾರು ನಡೆಸುತ್ತಾರೆ ಎಂಬ ಪ್ರಶ್ನೆಗೆ ಹೆಸರು ಹಿಡಿದು ಉತ್ತರಿಸಬಲ್ಲಿರಾದರೆ ನೇರವಾಗಿ ಹೊರಡಿ.

ಸರ್ಕಾರದ ನೆರವು ಮೊದಲಿಗಿಂತ ಎಷ್ಟೋ ವಾಸಿ. ರಾಜ್ಯದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನ. ಮಾದರಿ ತಯಾರಿಸಲು ಕೇಂದ್ರದ ನಿಧಿ ಪ್ರಯಾಸ್‌ನಲ್ಲಿ 10 ಲಕ್ಷದವರೆಗೆ. ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟ್‌ಅಪ್ಸ್, ಬೆಂಗಳೂರಿನ ಐಐಎಂನ ಎನ್‌ಎಸ್‌ಆರ್‌ಸಿಇಎಲ್ ಮುಂತಾದ ಪೋಷಣಾ ಕೇಂದ್ರಗಳಲ್ಲಿ ಕೂರಲು ಜಾಗ, ಕೇಳಲು ಹಿರಿಯರು ಸಿಗುತ್ತಾರೆ. ಆದರೆ ಅನುದಾನ ಕಂತಿನಲ್ಲಿ ಬರುತ್ತದೆ, ಕಂತಿಗೊಂದು ವರದಿ ಬೇಕು. ಅರ್ಜಿ, ಪ್ರಸ್ತುತಿ, ಬಹುಮಾನ, ಮತ್ತೆ ಅರ್ಜಿ ಎಂದು ಮೂರು ವರ್ಷ ಕಳೆದು ಒಬ್ಬ ಗಿರಾಕಿಯನ್ನೂ ಮಾಡಿಕೊಳ್ಳದ ಹುಡುಗರನ್ನು ನೋಡಿ ಬೇಸರವಾಗಿದೆ. ನನ್ನ ಕಣ್ಣಿಗೆ ಒಬ್ಬ ಗಿರಾಕಿ ಕೊಟ್ಟ 5 ಸಾವಿರ ಮುಂಗಡ ಅಂಥ ಹತ್ತು ಪ್ರಶಸ್ತಿಪತ್ರಕ್ಕೆ ಸಮ.

ಎಂ.ಟೆಕ್ ಮಾಡಿಕೊಂಡು ಬರಲೇ ಎನ್ನುವವರಿಗೆ: ಮಾಡಬೇಕೆಂದಿರುವ ವಸ್ತುವಿಗೇ ಆ ಆಳ ಬೇಕಿದ್ದರೆ ಮಾಡಿ, ತೀರ್ಮಾನ ಮುಂದೂಡಲು ಬೇಡ. ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಖರೀದಿ ವಿಭಾಗ ಸಿಕ್ಕರೆ ಕಲಿಯುವುದು ಅಪಾರ, ಆದರೆ ಅಲ್ಲಿಂದ ಎದ್ದು ಬಂದವರನ್ನು ಬೆರಳಲ್ಲಿ ಎಣಿಸಬಹುದು.

ಹಾಗಾದರೆ ಯಾರಿಗೆ ಯಾವುದು?

ನಾನು ಅಕ್ಕನ ಮಗನಿಗೆ ಕೇಳಿದ ಮೊದಲ ಪ್ರಶ್ನೆ ಶಿಕ್ಷಣ ಸಾಲ ಎಷ್ಟಿದೆ ಎಂದು. ನಾಲ್ಕು ಲಕ್ಷ ಎಂದ. ಅಪ್ಪನ ತೆಂಗಿನ ತೋಟದಿಂದ ಮನೆ ನಡೆಯುತ್ತದೆ, ಆದರೆ ಸಾಲ ತೀರಿಸುವಷ್ಟು ಉಳಿಯುವುದಿಲ್ಲ. ಸಾಲದ ಕಂತು ಇಲ್ಲದಿದ್ದರೆ ಪೀಣ್ಯ ಎನ್ನುತ್ತಿದ್ದೆ. ಕಂತು ಇದ್ದದ್ದರಿಂದ, ಕಂಪ್ಯೂಟರ್ ಸೈನ್ಸ್ ಓದಿದ್ದರೆ ಸಾಫ್ಟ್‌ವೇರ್ ಕಂಪನಿ ಎನ್ನುತ್ತಿದ್ದೆ. ಅವನದು ಮೆಕ್ಯಾನಿಕಲ್, ತಲೆಯಲ್ಲಿರುವುದು ಕೊಬ್ಬರಿ ಒಣಗಿಸುವ ಯಂತ್ರ. ಹಾಗಿರುವಾಗ ಎರಡು ವರ್ಷ ಜಾವಾ ಬರೆದು ಮರಳಿದರೆ ಲೇತಿನ ಎದುರು ಮತ್ತೆ ಹೊಸಬನೇ. ಕೈಗೆ ಬರುವುದರಲ್ಲಿ ವ್ಯತ್ಯಾಸ ತಿಂಗಳಿಗೆ ಮೂರ್ನಾಲ್ಕು ಸಾವಿರ. ಅಷ್ಟನ್ನು ನಾನು ಕಲಿಕೆಯ ಶುಲ್ಕವೆಂದು ಎಣಿಸಿದೆ, ಅಕ್ಕ ನಷ್ಟವೆಂದು ಎಣಿಸಿದಳು. ಕೊನೆಗೆ ಅವನು ಪೀಣ್ಯಕ್ಕೇ ಸೇರಿದ. ಒಂದು ಮಾತು ಕೇಳಿಯೇ ಸೇರಿದ: ಆರು ತಿಂಗಳ ಮೇಲೆ ಕೊಟೇಷನ್ ಕೆಲಸ ಕೊಡುತ್ತೀರಾ ಎಂದು. ಮಾಲೀಕರು ಒಪ್ಪಿದರು. ಒಪ್ಪದಿದ್ದರೆ ನಾನೇ ಬೇಡ ಎನ್ನುತ್ತಿದ್ದೆ.

ಪಾಲುದಾರರ ವಿಚಾರ ಹುಬ್ಬಳ್ಳಿಯ ಗುರುರಾಜ ದೇಶಪಾಂಡೆ ಅವರಿಂದ ತಿಳಿಯಬಹುದು. ಕೆನಡಾದಲ್ಲಿ ಓದಿ, ಮೊಟೊರೋಲಾದ ಕೋಡೆಕ್ಸ್‌ನಲ್ಲಿ ಕೆಲಸ ಮಾಡಿ, ಅವರು ಮೊದಲು ಕಟ್ಟಿದ್ದು ಕೋರಲ್ ನೆಟ್‌ವರ್ಕ್ಸ್. ಪಾಲುದಾರರೊಂದಿಗೆ ದಾರಿ ಬೇರೆಯಾಗಿ ಅದನ್ನು ಬಿಟ್ಟು ಬಂದರು. ಆಮೇಲೆ 1990ರಲ್ಲಿ ನೆಟ್‌ವರ್ಕ್ ಉಪಕರಣ ಮಾಡುವ ಕ್ಯಾಸ್ಕೇಡ್ ಕಟ್ಟಿದರು. ಅದು 1997ರಲ್ಲಿ 370 ಕೋಟಿ ಡಾಲರಿಗೆ ಮಾರಾಟವಾಯಿತು. ಜೊತೆಗೆ ಕೆಲಸ ಮಾಡಿ ನೋಡದವರೊಂದಿಗೆ ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕಬೇಡಿ ಎಂದು ನಾನು ಹೇಳುವುದು ಇಂಥದ್ದನ್ನು ನೋಡಿಯೇ.

ಹೊರಡುವ ಮುನ್ನ

ಹದಿನಾಲ್ಕು ಪುಟದ ನೇಮಕಾತಿ ಪತ್ರವನ್ನು ಸೇರುವಾಗ ಓದದವರು ಬಿಡುವಾಗಲಾದರೂ ಓದಿ. ‘ಕೆಲಸ ಬಿಟ್ಟ ಮೇಲೆ ಇದೇ ಕ್ಷೇತ್ರದಲ್ಲಿ ವ್ಯವಹಾರ ಮಾಡಬಾರದು’ ಎಂಬ ಷರತ್ತು 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮಿನ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹಾಗೆಂದು ಎಲ್ಲ ಷರತ್ತೂ ಟೊಳ್ಳಲ್ಲ. ಇಂತಿಷ್ಟು ವರ್ಷ ಕೆಲಸ ಮಾಡದಿದ್ದರೆ ಹಣ ಕಟ್ಟಬೇಕೆಂಬ ಬಾಂಡನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕೊಂದರ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಗೋಪ್ಯತೆಯ ಷರತ್ತೂ, ಕೆಲಸದಲ್ಲಿದ್ದಾಗ ನೀವು ಮಾಡಿದ್ದು ಕಂಪನಿಯದು ಎಂಬ ಷರತ್ತೂ ಗಟ್ಟಿಯಾಗಿ ನಿಲ್ಲುತ್ತವೆ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ರಾತ್ರಿ ಕುಳಿತು ಸ್ವಂತ ಉತ್ಪನ್ನದ ಒಂದು ಸಾಲನ್ನೂ ಬರೆಯಬೇಡಿ. ಮಾಲೀಕನ ಗಿರಾಕಿಯನ್ನು ಎಳೆದುಕೊಂಡು ಹೊರಡುವುದಕ್ಕೆ ಕಾನೂನು ಏನೇ ಹೇಳಲಿ, ಪೀಣ್ಯದಲ್ಲಿ ಮಾತು ಮರುದಿನವೇ ಹಬ್ಬುತ್ತದೆ. ಆಮೇಲೆ ಸರಳು ಮಾರುವವನೂ ಉದ್ದರಿ ಕೊಡುವುದಿಲ್ಲ.

ಮನೆ ಖರ್ಚಿಗೆ ಹದಿನೆಂಟು ತಿಂಗಳ ದುಡ್ಡು ಬೇರೆಯೇ ಖಾತೆಯಲ್ಲಿರಲಿ. ತಿಂಗಳಿಗೆ 30 ಸಾವಿರವಾದರೆ 5.4 ಲಕ್ಷ. ಶೆಡ್ಡಿನ ಮುಂಗಡ, ಮೆಷಿನ್, ಸರಳು ಯಾವುದಕ್ಕೂ ಅದನ್ನು ಮುಟ್ಟುವಂತಿಲ್ಲ. ಐದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿ ಇದ್ದರೆ ಗ್ರಾಚ್ಯುಟಿಗಾಗಿ ಕಾಯುವುದು ಜಾಣತನ.

ಬ್ಯಾಂಕಿನವರು ನಿಮ್ಮನ್ನು ಪ್ರೀತಿಸುವುದು ಸಂಬಳದ ಚೀಟಿ ಇರುವವರೆಗೆ. ಕ್ರೆಡಿಟ್ ಕಾರ್ಡ್, ಓವರ್‌ಡ್ರಾಫ್ಟ್ ಏನೇ ಬೇಕಿದ್ದರೂ ರಾಜೀನಾಮೆಗೆ ಆರು ತಿಂಗಳು ಮೊದಲೇ ಮಾಡಿಸಿಕೊಳ್ಳಿ. ನಾನು ರಾಜೀನಾಮೆ ಕೊಟ್ಟ ಮರುವಾರ ಅರ್ಜಿ ಹಾಕಿ, ಎರಡು ಕಡೆ ಇಲ್ಲವೆನ್ನಿಸಿಕೊಂಡು, ಕೊನೆಗೆ ಹೆಂಡತಿಯ ಬಳೆ ಅಡವಿಟ್ಟು ಮೊದಲ ಲೋಡು ಸರಳು ತಂದವನು. ಕೆಲಸ ಬಿಟ್ಟ ದಿನವೇ ಕಂಪನಿಯ ಗುಂಪು ಆರೋಗ್ಯ ವಿಮೆಯೂ ನಿಲ್ಲುತ್ತದೆ. ಅದನ್ನು ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ, ಆದರೆ ಅರ್ಜಿಯನ್ನು ಕೆಲಸ ಬಿಡುವ ಮೊದಲೇ ಹಾಕಿಬಿಡುವುದು ಕ್ಷೇಮ. ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಏನಾದರೂ ಇದ್ದರೆ, ಮೆಷಿನ್ನಿನ ಕೊಟೇಷನ್ ತರಿಸುವ ಮುಂಚೆ ಈ ಕಾಗದದ ಕೆಲಸ ಮುಗಿಸಿಕೊಳ್ಳಿ.